ಭಾಕರವಡಿ ಡಬ್ಬಿಯಲ್ಲಿ ನಲವತ್ತಾರು ಚೀಟಿ

ಶುಕ್ರವಾರ ರಾತ್ರಿ, ಔಂಧ್‌ನಲ್ಲಿ,
ಹಲ್ಲಿನ ಡಾಕ್ಟರ ಬೋರ್ಡಿನ ಮೇಲಿನ ಮಹಡಿ.
ಚಾಕಣದಿಂದ ಎರಡು ತಾಸಿನ ಹೊಗೆ ಕುಡಿದು ಬಂದವರು
ಚಪ್ಪಲಿ ಬಿಟ್ಟು ಚಕ್ಕಳಮಕ್ಕಳ ಕೂತಿದ್ದೇವೆ,
ಬ್ರೇಕು ಮಾಡುವ ಕಾರ್ಖಾನೆಯ ಮಂದಿ:
ಕುರಿಹಾರಾ ಸಾನ್, ಕಿಂಜೋ ಸಾನ್,
ಲೆಕ್ಕಪತ್ರದ ಮುಕ್ತಾ ಧುಮಾಳ,
ಮತ್ತೆ ನಾನು, ದುಭಾಷಿ, ಜಮಖಂಡಿಯವಳು.
ಮೈಕು ಎರಡು. ಒಂದಕ್ಕೆ ಕರಿ ಟೇಪು.

ಡಬ್ಬಿ ಭಾಕರವಡಿಯದು, ತಳದಲ್ಲಿನ್ನೂ ಎಳ್ಳು.
ಪಾಸಾಗದ ಬಿಡಿಭಾಗಕ್ಕೆ ಕಟ್ಟುವ ಕೆಂಪು ಕಾಗದ ಕತ್ತರಿಸಿ
ಚೀಟಿ ಮಾಡಿದವರು ಕುರಿಹಾರಾ.
ಅಂಚು ನೂಲು ಹಿಡಿದಷ್ಟು ನೇರ
(ಕ್ವಾಲಿಟಿ ವಿಭಾಗ; ಹುಟ್ಟುಗುಣ).
ಒಂದೊಂದರ ಮೇಲೆ ಒಂದೇ ಅಕ್ಷರ.
ಬಂದ ಅಕ್ಷರದಿಂದ ಹಾಡು ಹೊರಡಬೇಕು.
ಅಷ್ಟೇ ಆಟ.

‘ಸ’ ಸಿಕ್ಕವರು ಪುಣ್ಯವಂತರು, ಸಕುರಾ ಇದೆ,
ಅವರ ಅರ್ಧ ಹಾಡು ಆ ಮರದ ಕೆಳಗೇ ಹುಟ್ಟಿದ್ದು.
‘ನ’ ಬಂದರೆ ನಮಿದಾ, ಕಣ್ಣೀರು.
‘ಯು’ ಬಂದರೆ ಯುಕಿ, ಹಿಮ.
ಒಕಿನಾವಾದ ಕಿಂಜೋ ಹಿಮ ಕಂಡವನೇ ಅಲ್ಲ,
ಹಲ್ಲು ಕಟಕಟಿಸುವಂತೆ ಹಾಡುತ್ತಾನೆ.
‘ರು’ ಬಂದವರ ಹಣೆಬರಹ ಕೆಟ್ಟಿತೆಂದೇ ಲೆಕ್ಕ.
ಅವರ ಎಷ್ಟೋ ಮಾತು ರುವಿನಲ್ಲಿ ಮುಗಿಯುತ್ತವೆ,
ರುವಿನಿಂದ ಶುರುವಾಗುವುದು ಬೆರಳೆಣಿಕೆ.
ಎಲ್ಲ ಬಸ್ಸೂ ಬಂದು ನಿಂತು
ಒಂದೂ ಹೊರಡದ ಡಿಪೋ.
ಮುಕ್ತಾ ನಕ್ಕಳು: ನಮ್ಮ ಅಂತಾಕ್ಷರಿಯಲ್ಲಿ
ಹಿಂದಿ ಹಾಡೆಲ್ಲ ‘ಹೈ’ ಎಂದು ಕೈಕೊಟ್ಟು
‘ಹ’ ಹುಡುಕಿ ಗಂಟಲು ಒಣಗುತ್ತಿತ್ತಲ್ಲ, ಹಾಗೆ.
ತಿರುಗಿಸಿ ಹೇಳಿದೆ. ಕುರಿಹಾರಾ ಬರೆದುಕೊಂಡರು.

ಟಿಳಕ ರಸ್ತೆಯ ತರಗತಿಯಲ್ಲಿ ಈ ಭಾಷೆ ಕಲಿಯುವಾಗ
ಮರಾಠಿ ಹುಡುಗರು ಎ, ಒ ಎಳೆದೆಳೆದು ಒದ್ದಾಡಿದರು.
ನನ್ನ ನಾಲಿಗೆಗೆ ಅವು ಹಳೆಯ ನೆಂಟರು:
ಎಲೆ, ಒಲೆ, ಎಮ್ಮೆ, ಒನಕೆ.
ಗಿಡ್ಡ ಎ, ಗಿಡ್ಡ ಒ.
ಇಷ್ಟು ದೂರಕ್ಕೂ ಹಳಸದ ಬುತ್ತಿ.

ನನಗೆ ಬಂದದ್ದು ‘ನು’.
ಯಂತ್ರದಲ್ಲಿ ಮೂರು ಹಾಡಿದ್ದವು, ಒಂದೂ ಬಾರದು.
ಯಾವ ಭಾಷೆಯಾದರೂ ನಡೆದೀತು, ಎಂದ ಕಿಂಜೋ.
ಸೋದರತ್ತೆ ಬೀಸುಕಲ್ಲಿನ ಮುಂದೆ ತಾನೇ ಕಟ್ಟಿ
ತಾನೇ ಮರೆಯುತ್ತಿದ್ದುದರಲ್ಲಿ ಉಳಿದದ್ದು ಎರಡು ಸಾಲು:
‘ನುಚ್ಚು ಕುದಿಯೂತನ ಕೂಡs ನೀ ನೆರೆಮನಿಯಕ್ಕ
ಹೊತ್ತಿಗೂ ಇಲ್ಲ ಅವಸರ.’
ಎರಡನ್ನೇ ನಾಲ್ಕು ಸಲ ಹಾಡಿದೆ.
ತಾಳ ಹಾಕಲು ಯಂತ್ರದ ಹೊಟ್ಟೆಯಲ್ಲಿ ಏನೂ ಇರಲಿಲ್ಲ.
ಪರದೆಯ ಮೇಲೆ ಅಂಕ ಬಿತ್ತು: ಸೊನ್ನೆ.

ನಲವತ್ತಾರನೆಯ ಚೀಟಿ ಯಾರೂ ಹಾಕುವುದಿಲ್ಲ.
ಅದು ಬರೀ ‘ನ್’.
ಪದಕ್ಕೆ ಪದ ಕೊಂಡಿ ಹಾಕುವ ಅವರ ಮಕ್ಕಳಾಟದಲ್ಲಿ
ಅದರಲ್ಲಿ ಮುಗಿಸಿದವನು ಸೋತ.
ಅನ್ನವೆಂದರೆ ಗೋಹಾನ್, ಸೋತ.
ಕಿತ್ತಳೆ ಮಿಕಾನ್, ಸೋತ.
ಸ್ವಂತ ದೇಶದ ಹೆಸರು ಹೇಳಿದರೂ ಸೋತ.
ಸಾನ್ ಎಂದು ಮರ್ಯಾದೆ ಕೊಟ್ಟರೂ ಸೋತ;
ನಾನು ದಿನಕ್ಕೆ ನೂರು ಸಲ ಸೋಲುವವಳು.
ನಮ್ಮಲ್ಲೂ ಅದು ಒಂದು ಸೊನ್ನೆ,
ಅಕ್ಷರದ ಹೆಗಲಿಗೆ ಆತು ನಿಲ್ಲುತ್ತದೆ,
ತಾನೇ ಮುಂದಾಗಿ ಒಂದು ಮಾತನ್ನೂ ಹೊರಡಿಸಿದ್ದಿಲ್ಲ.

ಅದು ಬಂದದ್ದು ಕುರಿಹಾರಾ ಕೈಗೆ.
ಯಾರು ಹಾಕಿದ್ದೋ. ಅಂಚು ಮಾತ್ರ ಬಹಳ ನೇರವಿತ್ತು.

ಮಧ್ಯಾಹ್ನ ನಾಗೋಯಾದಿಂದ ಮಗಳ ಫೋನು ಬಂದಿತ್ತು,
ಪಾರ್ಕಿಂಗಿನ ಬೇವಿನ ಕೆಳಗೆ ನಲವತ್ತು ನಿಮಿಷ
‘ನ್... ನ್...’ ಎನ್ನುತ್ತ ನಿಂತಿದ್ದರು.
ಆ ‘ನ್’ಗೆ ಒಪ್ಪಿದೆ ಎಂದರ್ಥವಲ್ಲ, ಕೇಳುತ್ತಿದ್ದೇನೆ ಎಂದಷ್ಟೇ.
ಕತೆಗೆ ನಾವು ಹೂಂಗುಟ್ಟುವ ಹಾಗೆ.
ಊಟದ ಡಬ್ಬಿ ತೆರೆದೇ ಇರಲಿಲ್ಲ.

ಟೇಪು ಸುತ್ತಿದ ಮೈಕು ಎತ್ತಿಕೊಂಡರು.
ತುಟಿ ಬಿಚ್ಚಲಿಲ್ಲ.
ಮುಚ್ಚಿದ ಬಾಯೊಳಗೇ ಒಂದು ಸ್ವರ ಹೊರಟಿತು,
ಏರಿತು, ಎಲ್ಲೋ ಎಡವಿ ಮತ್ತೆ ಹಿಡಿಯಿತು.
ಕೆಳಗೆ ಯಾರದೋ ಸ್ಕೂಟರು ಶುರುವಾಗದೆ ಕೆಮ್ಮುತ್ತಿತ್ತು.

ಯಾವ ಹಾಡು ಎಂದು ಕಿಂಜೋ ಕೇಳಲಿಲ್ಲ.
ಮುಕ್ತಾ ನನ್ನ ಮೊಣಕೈ ತಿವಿದಳು,
ತಿರುಗಿಸಿ ಹೇಳೇ, ಎಂಬಂತೆ.
ಹೂಂ, ಎಂದೆ.